ಗೋಡೆಗೆ ಹನ್ನೊಂದು ಕಿಟಕಿ

ಹನ್ನೊಂದು–ಸೊನ್ನೆ! ಅದೂ ಸ್ವಂತ ಮೈದಾನದಲ್ಲಿ, ಸ್ವಂತ ಜನರ ಕಣ್ಣೆದುರಿಗೆ! ಶನಿವಾರ ಸಂಜೆ ಮನೆಗೆ ಬಂದ ಕನ್ನಡಕದಂಗಡಿಯ ಯಜಮಾನರು ಚಪ್ಪಲಿ ಬಿಟ್ಟವರೇ ನೇರವಾಗಿ ಹಾಸಿಗೆಗೆ ಹೋಗಿ ಮುಸುಕೆಳೆದು ಮಲಗಿಬಿಟ್ಟರು. (ಅವರು ಯಜಮಾನರೆನ್ನುವುದು ಅಂಗಡಿಯ ಮಟ್ಟಿಗೆ. ಮನೆಯಲ್ಲಿ ಆ ಪದವಿ ಹೆಂಡತಿಯದು.)

ಅವರ ಅಂಗಡಿಗೂ ಕಾಲೇಜಿನ ಮೈದಾನಕ್ಕೂ ನಡುವೆ ಒಂದು ರಸ್ತೆ ಅಷ್ಟೆ. ಇಪ್ಪತ್ತೆರಡು ವರ್ಷಗಳಲ್ಲಿ ಅಲ್ಲಿನ ಹುಡುಗಿಯರ ಹಾಕಿ ತಂಡದ ಒಂದು ಪಂದ್ಯವನ್ನೂ ಅವರು ತಪ್ಪಿಸಿಕೊಂಡಿಲ್ಲ. ಮದುವೆಯಾದ ದಿನವನ್ನು ಹದಿನಾಲ್ಕು ಸಲ ಮರೆತಿದ್ದಾರೆ, ಆ ಮಾತು ಬೇರೆ.

"ರೀ, ಊಟಕ್ಕೆ ಏಳ್ತೀರಾ?"

"ಹಸಿವಿಲ್ಲ."

"ಸೋತವರು ಅವರು. ಉಪವಾಸ ನಿಮಗ್ಯಾಕೆ?"

ಮುಸುಕು ಸರಿಯಿತು. "ನಿನಗೆ ಅರ್ಥ ಆಗಲ್ಲ ಕಣೇ! ಎಲ್ಲಾ ಆ ಗೋಲ್‌ಕೀಪರ್ ಹುಡುಗಿಯಿಂದ. 'ಗೋಡೆ' ಅಂತ ಅವಳಿಗೆ ಹೆಸರಿಟ್ಟವನೇ ನಾನು. ಇವತ್ತು ಆ ಗೋಡೆಗೆ ಹನ್ನೊಂದು ಕಿಟಕಿ! ಚೆಂಡು ಎಡಕ್ಕೆ ಬಂದರೆ ಇವಳು ಬಲಕ್ಕೆ ಹಾರ್ತಾಳೆ. ಒಂದು ಸಲವಂತೂ ಚೆಂಡು ಬಿಟ್ಟು ಅಂಪೈರ್ ಬೂಟಿಗೆ ಅಡ್ಡ ಬಿದ್ದಳು!"

"ನೀವು ಸುಮ್ಮನಿದ್ರಾ?"

"ಯಾಕೆ ಸುಮ್ಮನಿರಲಿ? ಅಂಪೈರ್‌ಗೆ, 'ಕಣ್ಣು ಕಾಣದಿದ್ರೆ ನನ್ನ ಅಂಗಡಿಗೆ ಬಾರಯ್ಯಾ' ಅಂತ ಕೂಗಿದೆ."

"ಅಂಪೈರ್ ಏನ್ರೀ ತಪ್ಪು ಮಾಡಿದ್ರು?"

"ಏನೂ ಮಾಡಲಿಲ್ಲ. ಆದ್ರೂ ಒಂದು ಮಾತು ಹೇಳಬೇಕಲ್ಲ!"

ಭಾನುವಾರ ಅವರು ಕೋಚ್ ಮೇಡಂಗೆ ಮೂರು ಪುಟದ ಪತ್ರ ಬರೆದರು. 'ಕಳಕಳಿಯ ಅಭಿಮಾನಿಯ ಬಿನ್ನಹ'ವೆಂದು ಶುರುವಾಗಿ, ಗೋಲ್‌ಕೀಪರನ್ನು ತಕ್ಷಣ ಬದಲಿಸತಕ್ಕದ್ದೆಂದು ಮುಗಿಯುವ ಪತ್ರ. ಹೆಂಡತಿಗೆ ಓದಲು ಕೊಟ್ಟರು.

"ಅಕ್ಷರ ಮುತ್ತಿನ ಹಾಗಿದೆ," ಎಂದರು ಆಕೆ. "ಆ ಮಗುವಿಗೆ ಎಷ್ಟು ವಯಸ್ಸು?"

"ಹತ್ತೊಂಬತ್ತಿರಬಹುದು. ಯಾಕೆ?"

"ಸುಮ್ಮನೆ ಕೇಳಿದೆ."

ಈ 'ಸುಮ್ಮನೆ' ಯಜಮಾನರಿಗೆ ಇಡೀ ದಿನ ಚುಚ್ಚುತ್ತಲೇ ಇತ್ತು. ಆದರೂ ಸೋಮವಾರ ಬೆಳಿಗ್ಗೆ ಪತ್ರವನ್ನು ಜೇಬಿಗಿಳಿಸಿಯೇ ಅಂಗಡಿಯ ಬಾಗಿಲು ತೆಗೆದರು. ಕನ್ನಡಕದ ಡಬ್ಬಿಗಳನ್ನು ಒಪ್ಪವಾಗಿಡಲು ಹೆಂಡತಿಯೂ ಜೊತೆಗೆ ಬಂದಿದ್ದರು. ಡಬ್ಬಿಗಳ ಧೂಳು ಇನ್ನೂ ಒರೆಸುತ್ತಿರುವಾಗಲೇ ಸಾಕ್ಷಾತ್ ಗೋಡೆಯೇ ಬಂದು ಬಾಗಿಲಲ್ಲಿ ನಿಂತಿತು. ಕಣ್ಣು ಕೆಂಪಾಗಿತ್ತು, ಮೂಗೂ ಕೆಂಪಾಗಿತ್ತು.

"ಅಂಕಲ್, ಈ ಕನ್ನಡಕಕ್ಕೆ ಆಟಕ್ಕೆ ಅಂತ ಎಲಾಸ್ಟಿಕ್ ಪಟ್ಟಿ ಹಾಕಿಕೊಟ್ಟಿದ್ರಲ್ಲ, ಅದನ್ನ ಬಿಚ್ಚಿಕೊಡಿ. ನಾನು ಇನ್ನು ಆಡಲ್ಲ."

ಯಜಮಾನರ ಜೇಬಿನಲ್ಲಿದ್ದ ಪತ್ರ ಕೆಂಡದಂತೆ ಸುಟ್ಟಿತು. ಕನ್ನಡಕ ಈಸಿಕೊಂಡರು. ಪಟ್ಟಿ ಬಿಚ್ಚಿ, ಗಾಜು ಒರೆಸಿ, ವೃತ್ತಿಯ ಚಾಳಿಯಂತೆ ಅದನ್ನೆತ್ತಿ ಗೋಡೆಗಡಿಯಾರದ ಕಡೆ ಹಿಡಿದರು. ಗಡಿಯಾರ ಕರಗಿ ಮುದ್ದೆಯಾಯಿತು. ತಮ್ಮ ಅಂಗೈ ಮೇಲೆ ಹಿಡಿದರು. ಕೈಗೆರೆಗಳು ಕಾಲುವೆಗಳಷ್ಟಾದವು.

ದೂರದ್ದು ಕಾಣದ ಹುಡುಗಿಯ ಕನ್ನಡಕವಲ್ಲ ಅದು. ಹಿಂದಿನ ಬೀದಿಯ ನಿವೃತ್ತ ಹೆಡ್‌ಮಾಸ್ತರರು ಪೇಪರ್ ಓದಲು ಮಾಡಿಸಿದ್ದ ಕನ್ನಡಕ! ಎರಡಕ್ಕೂ ಒಂದೇ ಕಪ್ಪು ಚೌಕಟ್ಟು. ಶನಿವಾರ ಪಂದ್ಯಕ್ಕೆ ಮುಂದಿನ ಸಾಲಿನ ಜಾಗ ಹಿಡಿಯುವ ಗಡಿಬಿಡಿಯಲ್ಲಿ ಯಜಮಾನರು ಡಬ್ಬಿಯ ಚೀಟಿ ನೋಡದೆ, ಕೈಗೆ ಸಿಕ್ಕಿದ್ದಕ್ಕೆ ಪಟ್ಟಿ ಸಿಕ್ಕಿಸಿ ಕೊಟ್ಟುಬಿಟ್ಟಿದ್ದರು.

"ಪುಟ್ಟಾ," ಎಂದರು ಮೆಲ್ಲಗೆ, "ಹಾಕಿಕೊಂಡಾಗ ಮಂಜುಮಂಜಾಗಿ ಕಾಣಲಿಲ್ವಾ?"

"ಕಂಡಿತು ಅಂಕಲ್. ಆವಾಗಲೇ ಹೇಳಿದೆ. ಹೊಸ ನಂಬರು, ಎರಡು ದಿನದಲ್ಲಿ ಕಣ್ಣು ಹೊಂದಿಕೊಳ್ಳುತ್ತೆ ಅಂದ್ರಿ. ಹೊಂದಿಕೊಳ್ಳಲಿ ಅಂತ ನಾನೂ ಕಾಯ್ತಾ ಇದ್ದೆ."

ಈಗ ಮಾಡಬಹುದಾದ ಸುಲಭದ ಕೆಲಸವೊಂದಿತ್ತು. 'ಸ್ವಲ್ಪ ಸರಿ ಮಾಡಿಕೊಡ್ತೀನಿ' ಎಂದು ಒಳಗೆ ಹೋಗಿ ಬದಲಿಸಿ ತಂದರೆ ಯಾವ ನರಪಿಳ್ಳೆಗೂ ತಿಳಿಯುವುದಿಲ್ಲ. ಯಜಮಾನರು ಒಳಗೆ ಹೆಜ್ಜೆಯನ್ನೂ ಇಟ್ಟರು. ಡಬ್ಬಿ ಒರೆಸುತ್ತಿದ್ದ ಹೆಂಡತಿ ತಲೆಯೆತ್ತಿ ನೋಡಿದರು. ಇಟ್ಟ ಹೆಜ್ಜೆ ತಾನಾಗಿ ಹಿಂದಕ್ಕೆ ಬಂತು.

"ತಪ್ಪು ನನ್ನದು ಕಣಮ್ಮಾ," ಎಂದರು ಯಜಮಾನರು. "ನಿನಗೆ ಬೇರೆಯವರ ಕನ್ನಡಕ ಕೊಟ್ಟುಬಿಟ್ಟಿದ್ದೆ. ಪೇಪರ್ ಓದೋ ಕನ್ನಡಕ. ಅದನ್ನ ಹಾಕಿಕೊಂಡು ನೀನು ಚೆಂಡು ಹಿಡಿಯೋಕೆ ಹೋದೆಯಲ್ಲ, ಅದೇ ದೊಡ್ಡದು."

ಹುಡುಗಿ ಬಾಯಿ ತೆರೆದುಕೊಂಡು ನಿಂತಳು. ಅವಳದ್ದೇ ಕನ್ನಡಕವನ್ನು ಹೆಂಡತಿ ಹುಡುಕಿ ತಂದು ತಾವೇ ಅವಳ ಕಿವಿಗೆ ಏರಿಸಿದರು. ಹುಡುಗಿ ಗಡಿಯಾರ ನೋಡಿದಳು, ರಸ್ತೆಯಾಚೆಯ ಮೈದಾನ ನೋಡಿದಳು, ಗೋಲಿನ ಕಂಬ ನೋಡಿದಳು. ಆಮೇಲೆ ಗಳಗಳನೆ ಅತ್ತುಬಿಟ್ಟಳು.

"ನಾನು ಆಡೋದನ್ನೇ ಮರೆತುಬಿಟ್ಟೆ ಅಂದ್ಕೊಂಡಿದ್ದೆ ಆಂಟೀ!"

"ಅಳು, ಅಳು. ಆದ್ರೆ ಒರೆಸಿಕೊಂಡು ಅಳು. ಗಾಜು ಒದ್ದೆಯಾದರೆ ಮತ್ತೆ ಇವರ ಕೈಗೇ ಕೊಡಬೇಕಾಗುತ್ತೆ," ಎಂದರು ಹೆಂಡತಿ, ಅವಳ ಬೆನ್ನು ಸವರುತ್ತ.

ಅಂದು ಸಂಜೆ ಅಭ್ಯಾಸದ ಹೊತ್ತಿಗೆ ಯಜಮಾನರು ಮೈದಾನಕ್ಕೆ ಹೋದರು. ಕರೆದುಕೊಂಡು ಹೋದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಹುಲ್ಲಿನ ಮೇಲೆ ಕುಳಿತ ಇಡೀ ತಂಡದೆದುರು ಕೈಮುಗಿದು ನಿಂತು ನಡೆದದ್ದನ್ನೆಲ್ಲ ಹೇಳಿದರು. ಪತ್ರದ ವಿಷಯವನ್ನೂ ಮುಚ್ಚಿಡಲಿಲ್ಲ. ಇಪ್ಪತ್ತೆರಡು ವರ್ಷ ಕೂಗಿದ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದು ಅದೇ ಮೊದಲು.

ಕೋಚ್ ಮೇಡಂ ಯಜಮಾನರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

"ಸರ್, ಮುಂದಿನ ಶನಿವಾರ ಬರೋ ತಂಡದ ಗೋಲ್‌ಕೀಪರ್‌ಗೂ ಕನ್ನಡಕ ಇದೆಯಂತೆ. ನಿಮ್ಮ ಅಂಗಡಿಯ ವಿಳಾಸ ಕೊಡಲಾ?"

ಮೊದಲು ನಕ್ಕವಳು ಗೋಡೆ. ಆಮೇಲೆ ಇಡೀ ತಂಡ ಹುಲ್ಲಿನ ಮೇಲೆ ಬಿದ್ದು ಹೊರಳಾಡಿತು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ಕಣ್ಣಲ್ಲೆಲ್ಲ ತುಳುಕಿತು. ಯಜಮಾನರು ಮಾತ್ರ ಕಿವಿ ಕೆಂಪಾಗಿಸಿಕೊಂಡು, ನಗಬಹುದೋ ಬಾರದೋ ತಿಳಿಯದೆ, ಮುಗಿದ ಕೈ ಮುಗಿದ ಹಾಗೆಯೇ ನಿಂತಿದ್ದರು.