ಗಿಡ್ಡ ಸೇತುವಿ ಮತ್ತು ನನ್ನ ನೌಕರಿ

ರಸ್ತೆ ಕಾಯೋ ಕೆಲಸದಾಗ ಇದ್ದವನಿಗೆ ಮಳಿಗಾಲ ಬಂತಂದ್ರ ದಿನಾ ಒಂದು ಪಜೀತಿ. ನಗಬೇಕೋ ಅಳಬೇಕೋ ತಿಳಿಯಂಗಿಲ್ಲ. ಕಕ್ಕೇರಾ ಕಡಿ ಒಂದು ಹಳ್ಳಕ್ಕ ಗಿಡ್ಡ ಸೇತುವಿ ಅದ. ಜೋರು ಮಳಿ ಬಂದ್ರ ಮುಳುಗೇ ಬಿಡ್ತದ. ಹೋದ ವರ್ಷ ಒಬ್ಬಾಂವ ಬೈಕ್ ಸಮೇತ ತೇಲಿಹೋಗಿ, ಜಾಲಿಗಿಡ ಹಿಡಕೊಂಡು ಉಳಿದ. "ಈ ಸಲ ಯಾರರ ತೇಲಿದ್ರ ನಿನ್ನ ನೌಕರಿನೂ ತೇಲಿತು ತಿಳಕೋ" ಅಂತ ನಮ್ಮ ಸಾಹೇಬ್ರು ಖಡಕ್ ಹೇಳಿದ್ರು.

ಬೋರ್ಡು

'ಸೇತುವೆ ಮೇಲೆ ನೀರು ಹರಿಯುವಾಗ ದಾಟಬಾರದು' ಅಂತ ಬೋರ್ಡು ಹುಗಿಸಿದೆ. ಮೊದಲ ಮಳಿಗೇ ಮಾಯ! ಹುಡುಕಿದ್ರ ಒಬ್ಬ ಕಾಕಾನ ಅಂಗಳದಾಗ ಸಿಕ್ತು.

"ಸರ್ಕಾರಿ ಬೋರ್ಡು ಯಾಕ ತಂದೀರಿ ಕಾಕಾ?"

"ತೇಲಿ ಹೊಂಟಿತ್ತಪಾ. ಎದಿಮಟ ನೀರಾಗ ಇಳಿದು ಹಿಡಕೊಂಡು ಬಂದೀನಿ. ಉಪಕಾರ ಮಾಡಿದವ್ರಿಗೇ ಹಿಂಗ ಕೇಳ್ತೀಯಲ್ಲ!"

ಕೆಂಪು ಗೆರಿ

ಸೇತುವಿ ಬಾಜೂಕ ಒಂದು ಕಲ್ಲುಕಂಬಕ್ಕ ಕೆಂಪು ಗೆರಿ ಎಳಿಸಿದೆ. ನೀರು ಗೆರಿ ಮುಟ್ಟಿದ್ರ ಯಾರೂ ದಾಟಬಾರದಂತ ಡಂಗುರಾನೂ ಹೊಡಿಸಿದೆ. ವಾರ ಬಿಟ್ಟು ಹೋಗಿ ನೋಡ್ತೀನಿ, ಗೆರಿ ಎರಡು ಮೊಳ ಮ್ಯಾಲ ಏರೇದ! ಹೊಸಾ ಗೆರಿ ಎಳದ ಆಟೋದಾಂವ ಅಲ್ಲೇ ನಿಂತಿದ್ದ.

"ನೀವು ಭಾಳ ಕೆಳಗ ಎಳಿಸಿದ್ರಿ ಸಾಬ್. ಸಣ್ಣ ಮಳಿಗೂ ಮುಟ್ಟತಿತ್ತು, ಜನಕ್ಕ ತಕಲೀಫ್. ಈಗ ನೋಡ್ರಿ, ಎಷ್ಟು ಮಳಿ ಬಂದ್ರೂ ಫಿಕರ್ ಇಲ್ಲ!"

ಸರಪಳಿ

ಕಡೀಕ ಸೇತುವಿಗೆ ಸರಪಳಿ ಕಟ್ಟಿ, ನಾನೇ ಕಾವಲು ನಿಂತೆ. ಹಳ್ಳ ತುಂಬಿ ಬಂತು. ಜನ ಸರಪಳಿ ಜಿಗಿಯಾಕ ಹೊಂಟ್ರು. "ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಪೋ" ಅಂತ ಕೈ ಮುಗಿದ್ರೂ ಕೇಳವಲ್ರು. ನೀರು ನೋಡಾಕ ನೆರೆದ ಮಂದಿ ಕಂಡು ಒಬ್ಬ ಅಕ್ಕ ಮಿರ್ಚಿ ಭಜಿ ಬಂಡಿ ತಂದು ನಿಲ್ಲಿಸಿದ್ಳು. ಎಣ್ಣಿ ಕಾಯ್ತು, ಮೊದಲ ಘಾಣ ಮಿರ್ಚಿ ಎಣ್ಣ್ಯಾಗ ಬಿತ್ತು. ಜಿಗಿಯಾಕ ಹೊಂಟವರೆಲ್ಲ ಹಿಂದ ಹೊಳ್ಳಿ ಬಂಡಿ ಸುತ್ತ ಮುಕರಿದ್ರು. ಹಳ್ಳದ ಕಡಿ ಯಾರೂ ನೋಡಲಿಲ್ಲ. ಹೋದ ಜೀವ ಬಂದಂಗಾತು ನನಗ.

ಅಷ್ಟರಾಗ ಆಚಿ ದಂಡ್ಯಾಗ ಒಂದು ಜೀಪ್ ನಿಂತಿತು. ನಮ್ಮ ಸಾಹೇಬ್ರು! ಬೂಟು ಕೈಯಾಗ ಹಿಡಕೊಂಡು, ಪ್ಯಾಂಟ್ ಮಡಚಿ, ನೀರಾಗ ಕಾಲಿಟ್ಟೇ ಬಿಟ್ರು.

"ಇಳೀಬ್ಯಾಡ್ರಿ ಸಾಹೇಬ್ರ! ಇಲ್ಲಿ ಜನ ಎಲ್ಲ ಆರಾಮ ಅದಾರ!" ಅಂತ ಒದರಿದೆ.

"ಜನದ್ದು ಇರಲಿ ಬಿಡೋ! ಮಿರ್ಚಿ ಇನ್ನೂ ಅದಾವೇನು?"

ಅಕ್ಕ ಮಿರ್ಚಿ ತೆಗಿಯೋ ಝಾರಿ ಸೌಟು ಎತ್ತಿ ಹಿಡಿದು ಕೂಗಿದ್ಳು: "ಮುಗದಾವ್ರಿ ಸಾಹೇಬ್ರ!"

ಸಾಹೇಬ್ರು ಅಲ್ಲೇ ನಿಂತ್ರು. ಒಂದು ಸಲ ಹಳ್ಳ ನೋಡಿದ್ರು, ಒಂದು ಸಲ ಬಂಡಿ ನೋಡಿದ್ರು. ಆಮ್ಯಾಲ ಹಿಂದ ಸರಿದು ಬೂಟು ಹಾಕ್ಕೊಂತ ನನಗ ಜೋರು ಮಾಡಿದ್ರು: "ಇಷ್ಟು ನೀರು ಅದ, ಯಾರನ್ನೂ ದಾಟಾಕ ಬಿಡಬ್ಯಾಡ ನೋಡು!"