ಬೀಗರಿಗೆ ತೋರಿಸಿದ ಎತ್ತು

ಬೀಗರ ಮುಂದೆ ಬಾಯಿ ಬಿಡುವಾಗ ಮನುಷ್ಯನಿಗೆ ಎಚ್ಚರ ಇರಬೇಕು. ಹೆಣ್ಣು ಕೊಟ್ಟ ಕಡೆಯವನಿಗಂತೂ ಇನ್ನೂ ಹೆಚ್ಚು ಇರಬೇಕು. ಆಂಧ್ರದ ಗಡಿಯೂರು ಹಿಂದೂಪುರದ ನನ್ನ ಬಟ್ಟೆ ಅಂಗಡಿಗೆ ಎಂಥ ಗಿರಾಕಿ ಬಂದರೂ ಮಾತಿನಲ್ಲೇ ಹಿಡಿದು ಕೂರಿಸುತ್ತೇನೆ. ಆದರೆ ಮಧುಗಿರಿಯ ನಮ್ಮ ಬೀಗರು, ನಿವೃತ್ತ ಮೇಷ್ಟರು, ಸೋಫಾದ ಮೇಲೆ ಕೂತು "ನಿಮ್ಮ ಕಡೆ ನೋಡುವಂಥದ್ದು ಏನಿದೆ ಬಿಡಿ" ಎಂದರೆ ನನ್ನ ನಾಲಿಗೆ ಒಣಗುತ್ತದೆ. ಅವರೂರಿನ ಆ ದೊಡ್ಡ ಬೆಟ್ಟವನ್ನು ಅವರ ತಾತನೇ ತಂದು ನಿಲ್ಲಿಸಿದ ಹಾಗೆ ಮಾತಾಡುತ್ತಾರೆ. ಲೇಪಾಕ್ಷಿಗೆ ಕರೆದುಕೊಂಡು ಹೋಗಿ ಬಸವಣ್ಣನನ್ನು ತೋರಿಸಿದೆ. ಒಂದು ಸುತ್ತು ಬಂದು, ವಿಜಯನಗರದ ಕಾಲದ್ದು, ಅಂದರೆ ನಮ್ಮ ಕರ್ನಾಟಕದವರದೇ ಎಂದು ಅದನ್ನೂ ಜೇಬಿಗೆ ಹಾಕಿಕೊಂಡರು.

ಹಾಗಾಗಿ ವಿಜಯನಗರಕ್ಕಿಂತ ಹಳೆಯದು ಏನಾದರೊಂದು ನನಗೆ ತುರ್ತಾಗಿ ಬೇಕಿತ್ತು. ಆಗ ನೆನಪಾದದ್ದು ಕಲ್ಯಾಣದುರ್ಗದ ಆಚೆ, ಸೆಟ್ಟೂರಿನ ಕಡೆ ಇರುವ ನನ್ನ ಹೆಂಡತಿಯ ತವರೂರಿನ ಬೆಟ್ಟ. ಅದರ ಮೇಲೆ ಸೂರಿನಂತೆ ಚಾಚಿಕೊಂಡ ಬಂಡೆಯೊಂದರ ಒಳಮೈಯಲ್ಲಿ ಆದಿಮಾನವರು ಕೆಂಪು ಬಣ್ಣದಲ್ಲಿ ಬರೆದ ಡುಬ್ಬದ ಎತ್ತು ಇದೆ. ಹೊಸ ಅಳಿಯನಾಗಿದ್ದಾಗ ನೋಡಿದ್ದೆ. ನೋಡಿದ್ದೆ ಎಂದರೆ, ಅದರ ಕೆಳಗೆ ಕೂತು ಚಿತ್ರಾನ್ನ ತಿಂದಿದ್ದೆ. ಅಷ್ಟರ ಬಲದ ಮೇಲೆ, ನಿಮ್ಮ ಬೆಟ್ಟಕ್ಕೆ ಕೋಟೆ ಬರುವ ಮೊದಲೇ ನಮ್ಮವರು ಚಿತ್ರ ಬರೆಯುತ್ತಿದ್ದರು ಎಂದುಬಿಟ್ಟೆ. ಬೀಗರು ಕನ್ನಡಕ ಸರಿಮಾಡಿಕೊಂಡು, ಹಾಗಿದ್ದರೆ ಭಾನುವಾರ ನೋಡೇಬಿಡೋಣ ಎಂದರು. ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆಯೊಂದನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ಆ ಊರಿನಲ್ಲಿರುವವನು ನನ್ನ ಬಾಮೈದ ಈರಣ್ಣ. ಕಡಲೆಕಾಯಿ ವ್ಯಾಪಾರಿ. ಒಳ್ಳೆಯವನು, ಹೇಳಿದ್ದಕ್ಕಿಂತ ಹೆಚ್ಚೇ ಮಾಡುವವನು. ಫೋನ್ ಮಾಡಿ, ಬೀಗರು ಬರುತ್ತಾರೆ, ಚಿತ್ರದ ಜಾಗ ಸ್ವಲ್ಪ ಚೊಕ್ಕ ಮಾಡಿಸು ಎಂದೆ. ನನ್ನ ತಲೆಯಲ್ಲಿ ಇದ್ದದ್ದು ಮುಳ್ಳು, ಕುರಿಹಿಕ್ಕೆ, ಖಾಲಿ ಬಾಟಲಿ. "ಯೋಚ್ನೆ ಬಿಡು ಭಾವ. ಬೀಗ್ರು ಬತ್ತಾರೆ ಅಂದ್ರೆ ಏನ್ ಮಾಡ್ಬೇಕು ಅಂತ ನಮ್ಗೆ ಗೊತ್ತಿಲ್ವಾ" ಎಂದ. ಆ ಮಾತಿಗೆ ನಾನು ಹೆದರಬೇಕಿತ್ತು. ಹೆದರದೆ ನೆಮ್ಮದಿಯಾಗಿ ಊಟ ಮಾಡಿದೆ.

ಭಾನುವಾರ ಬೆಟ್ಟ ಹತ್ತುವಾಗ ನಾನೇ ಮುಂದೆ. ಏದುಸಿರು ಬಿಡುತ್ತಿದ್ದ ಬೀಗರಿಗೆ ಕೈಕೊಟ್ಟು ಎಳೆದುಕೊಳ್ಳುವಾಗ ಆದ ಸುಖ ಮಗಳ ಮದುವೆಯಲ್ಲೂ ನನಗೆ ಆಗಿರಲಿಲ್ಲ. ಮೇಲಿನ ತಿರುವಿಗೆ ಬಂದಾಗ ಮೊದಲು ಕಂಡದ್ದು ಮಾವಿನೆಲೆಯ ತೋರಣ. ಆಮೇಲೆ ಬಂಡೆ ಕಂಡಿತು. ಒಳಮೈಯೆಲ್ಲ ಬೆಳ್ಳಗೆ ಸುಣ್ಣ, ಅಂಚಿಗೆ ಕೆಮ್ಮಣ್ಣಿನ ಪಟ್ಟೆ, ಕೆಳಗೆ ರಂಗೋಲಿ. ಬೀಗರು ಬರುವ ಮನೆ ಹೇಗಿರಬೇಕೋ ಹಾಗಿತ್ತು. ಎತ್ತು ಮಾತ್ರ ಇರಲಿಲ್ಲ.

ಈರಣ್ಣನನ್ನು ಪಕ್ಕಕ್ಕೆ ಎಳೆದುಕೊಂಡು ಕೇಳಿದೆ. "ಅದು ಮಾಸೋಗ್ಬುಟ್ಟಿತ್ತು ಭಾವ. ಬೀಗ್ರಿಗೆ ಮಾಸಿದ್ದು ತೋರ್ಸಾಕಾಯ್ತದಾ? ಎಲ್ಡು ಕೋಟು ಸುಣ್ಣ ಹೊಡ್ಸಿವ್ನಿ. ಕಲ್ಯಾಣದುರ್ಗದಿಂದ ಪೈಂಟರ್ ಬತ್ತಾವ್ನೆ, ಹೊಸಾದು ಬರೀತಾನೆ" ಎಂದ. ಅವನ ಮುಖದಲ್ಲಿ ಎಂಥ ಪ್ರೀತಿ ಇತ್ತೆಂದರೆ ಬೈಯಲೂ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಬೀಗರು ಬಂಡೆಯನ್ನು ಬೆರಳಿನಿಂದ ಸವರಿದರು. ಬೆಳ್ಳಗಾದ ಬೆರಳನ್ನು ನೋಡಿದರು, ನನ್ನನ್ನು ನೋಡಿದರು. "ಬೀಗರೇ, ನಿಮ್ಮ ಕಡೆಯ ಆದಿಮಾನವರು ಬಲು ಚೊಕ್ಕ ಜನ" ಎಂದು ಕರವಸ್ತ್ರಕ್ಕೆ ಕೈ ಒರೆಸಿಕೊಂಡರು.

ನಿಜ ಹೇಳುತ್ತೇನೆ, ಅವಮಾನಕ್ಕಿಂತ ಆ ಎತ್ತು ಅಳಿಸಿಹೋದ ಸಂಕಟವೇ ನನಗೆ ಹೆಚ್ಚಾಯಿತು. ಸಾವಿರಾರು ವರ್ಷ ಯಾರ ತಂಟೆಗೂ ಹೋಗದೆ ನಿಂತಿದ್ದ ಪ್ರಾಣಿ. ನಾನು ಹೆಮ್ಮೆಪಟ್ಟ ವಾರದಲ್ಲೇ ಹೋಯಿತು. ನನ್ನ ಮುಖ ನೋಡಲಾರದೆ ಈರಣ್ಣ, "ಪರವಾಲೇದು ಭಾವ, ಎಲ್ಡು ಮಳೆ ಬಿದ್ರೆ ಸುಣ್ಣ ತೊಳ್ದೋಯ್ತದೆ" ಎಂದ. ನನಗೂ ಜೀವ ಬಂದಂತಾಯಿತು. ಬೀಗರು ತಲೆಯ ಮೇಲಿನ ಬಂಡೆಯನ್ನು ನೋಡಿ, ಮಳೆ ಬೀಳದ ಜಾಗ ಅಂತಲೇ ಅಲ್ಲವೇ ಅವರು ಇಲ್ಲಿ ಬರೆದದ್ದು ಎಂದು ಮೆಲ್ಲಗೆ ಕೇಳಿದರು.

ಪೈಂಟರನನ್ನು ಫೋನಿನಲ್ಲೇ ವಾಪಸು ಕಳಿಸಿ, ಎಲ್ಲರೂ ಸುಣ್ಣದ ಕೆಳಗೆ ಊಟಕ್ಕೆ ಕೂತೆವು. ಚಿತ್ರಾನ್ನದ ತಟ್ಟೆ ಹಿಡಿದು ಬೀಗರು ನನ್ನ ಪಕ್ಕಕ್ಕೆ ಸರಿದರು. ಈ ಸಲ ಅವರ ದನಿಯಲ್ಲಿ ಕೊಂಕು ಇರಲಿಲ್ಲ.

"ಹೋಗಲಿ ಬೀಗರೇ, ನೀವಾದರೂ ನೋಡಿದ್ದೀರಲ್ಲ. ಎತ್ತು ಯಾವ ಕಡೆಗೆ ಮುಖ ಮಾಡಿತ್ತು?"

ಬಹಳ ಹೊತ್ತು ಯೋಚಿಸಿದೆ. ಹೊಸ ಅಳಿಯನಾಗಿ ಬಂದ ಆವತ್ತಿನ ಚಿತ್ರಾನ್ನಕ್ಕೆ ನಿಂಬೆಹುಳಿ ಸ್ವಲ್ಪ ಜಾಸ್ತಿಯಾಗಿತ್ತು. ಅದೊಂದು ಮಾತ್ರ ಚೆನ್ನಾಗಿ ನೆನಪಿತ್ತು.