ವಹ್ದಾನ್ ಸೇತುವೆಯ ಏಳನೇ ಮೆಟ್ಟಿಲು

ಈ ವೃತ್ತಾಂತವನ್ನು ನನಗೆ ಮೊದಲು ತಿಳಿಸಿದವರು ಫೂಲ್ ಕಾಳು ಬೇಯಿಸಿ ಮಾರುವ ಹಾಜಿ ಬಸ್ಯೂನಿ. ಹಜ್ ಮುಗಿಸಿ ಬಂದವರು. ಸುಳ್ಳು ಹೇಳುವ ಅಗತ್ಯ ಅವರಿಗಿಲ್ಲ.

ನಮ್ಮೂರು ಕಫ್ರ್ ಸಲ್ಹೂಬಿನ ಕಾಲುವೆಯ ಮೇಲೆ ಕಾಲುಸೇತುವೆಯೊಂದಿದೆ. ಅದರ ಏಳನೇ ಮೆಟ್ಟಿಲು ಮಿಕ್ಕವಕ್ಕಿಂತ ನಾಲ್ಕು ಬೆರಳು ಎತ್ತರ. ಕಟ್ಟಿಸಿದವರು ಇಂಜಿನಿಯರ್ ವಹ್ದಾನ್. ಆ ಮೆಟ್ಟಿಲಿಗೆ ಕಾಂಕ್ರೀಟು ಹಾಕಿದ್ದು ಶುಕ್ರವಾರ. ಅವರು ನಮಾಜಿಗೆ ಹೋಗಿದ್ದರು, ಮೇಸ್ತ್ರಿ ಹೋಗಿರಲಿಲ್ಲ. ನಲವತ್ತು ವರ್ಷಗಳಲ್ಲಿ ಊರಿನವರೆಲ್ಲರ ಕಾಲು ಏಳನೇ ಹೆಜ್ಜೆಗೆ ತಾನಾಗಿ ಮೇಲೇಳುವುದನ್ನು ಕಲಿಯಿತು. ಕೈರೋದ ಮೆಟ್ಟಿಲುಗಳಲ್ಲೂ ನಮ್ಮವರನ್ನು ಇದರಿಂದಲೇ ಗುರುತಿಸುತ್ತಾರೆ. ವಹ್ದಾನ್ ಮಾತ್ರ ನಾಚಿಕೆಯಿಂದ ಆ ಸೇತುವೆ ಹತ್ತಲೇ ಇಲ್ಲ. ಇಷ್ಟು ವರ್ಷವೂ ದೋಣಿಯಲ್ಲಿ ದಾಟಿದರು.

ಅವರಿಗೆ ಎಂಬತ್ತಾಯಿತು. ಅವರು ಕಣ್ಣು ಮುಚ್ಚುವ ಮೊದಲು ಸೇತುವೆಗೆ ಅವರ ಹೆಸರಿಡಬೇಕೆಂದು ಮಗಳು ಇಹ್ಸಾನ್ ಕಾಮಗಾರಿ ಕಚೇರಿಗೆ ಅರ್ಜಿ ಕೊಟ್ಟಳು.

ಕಚೇರಿಯ ಮುಖ್ಯಸ್ಥರಾದ ಅಫೀಫಿ ಬೇ ಹದಿನಾಲ್ಕನೇ ನಿಯಮ ಓದಿದರು: ದೋಷವುಳ್ಳ ಕಾಮಗಾರಿಗೆ ಯಾರ ಹೆಸರನ್ನೂ ಇಡತಕ್ಕದ್ದಲ್ಲ. ಅಳೆಸಿದರು. ದೋಷ ಸಿಕ್ಕಿತು. ಮೂರೇ ದಿನದಲ್ಲಿ ಮೆಟ್ಟಿಲನ್ನು ಕಡಿಸಿ ಸಮ ಮಾಡಿಸಿದರು.

ಮರುದಿನ ಬೆಳಗಿನ ನಮಾಜಿಗೆ ಹೊರಟ, ಆಜಾನ್ ಕೂಗುವ ಮುಅದ್ದೀನರು ಇಲ್ಲದ ಎತ್ತರಕ್ಕೆ ಕಾಲಿಟ್ಟು ಮುಗ್ಗರಿಸಿದರು. ತಲೆಯ ಮೇಲೆ ರೊಟ್ಟಿಯ ಹಲಗೆ ಹೊತ್ತಿದ್ದವನು ಅವರ ಮೇಲೆ ಬಿದ್ದ. ಅವನ ಮೇಲೆ, ಎರಡು ಬಾತು ಹಿಡಿದಿದ್ದ ಉಮ್ಮ್ ಶಲಬಿ. ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂದು ಪಾದಗಳು ಉಳುಕಿದ್ದವು. ಬಾತುಗಳು ಕ್ಷೇಮವಾಗಿದ್ದವು. ಪರಿಶೀಲನೆಗೆ ಬಂದ ಅಫೀಫಿ ಬೇ ಇದೇ ಊರಿನಲ್ಲಿ ಹುಟ್ಟಿದವರು. ಕೈಕಂಬಿಯ ಮೇಲಿಂದ ನೇರವಾಗಿ ಕಾಲುವೆಗೆ ಉರುಳಿದರು.

ಉಮ್ಮ್ ಶಲಬಿ ದಡದಿಂದ ಕೇಳಿದಳು, “ಏನ್ ಬೇ ಸಾಹೇಬ್ರೇ, ನೀರಿನ ಆಳಾನೂ ಅಳೀತಿದ್ದೀರಾ?”

ಅಂದೇ ಪ್ರಕಟಣೆ ಹೊರಟಿತು: “ಸಮವಾದ ಮೆಟ್ಟಿಲು ಸಾರ್ವಜನಿಕರಿಗೆ ಅಪಾಯಕಾರಿಯೆಂದು ಕಂಡುಬಂದಿರುವುದರಿಂದ, ದೋಷವನ್ನು ಮೊದಲಿನ ಸುಸ್ಥಿತಿಗೆ ತರತಕ್ಕದ್ದು. ಇನ್ನು ಮುಂದೆ ಅದೇ ಸರಿಯಾದ ಅಳತೆ.” ಸುತ್ತಲಿನ ಒಂಬತ್ತು ಸೇತುವೆಗಳ ಏಳನೇ ಮೆಟ್ಟಿಲುಗಳನ್ನೂ ಎತ್ತರಿಸಲಾಯಿತು.

ಹೆಸರಿನ ಫಲಕ ಹಾಕುವ ದಿನ ಊರೆಲ್ಲ ಸಲೀಸಾಗಿ ಹತ್ತಿಳಿಯಿತು. ಕಡೆಗೆ ವಹ್ದಾನ್ ಮೊದಲ ಬಾರಿಗೆ ತಮ್ಮ ಸೇತುವೆ ಹತ್ತಿದರು. ಏಳನೆಯದರಲ್ಲಿ ಎಡವಿದರು. ಇಹ್ಸಾನ್ ತೋಳು ಹಿಡಿದುಕೊಂಡಳು.

“ಕಾಲೆತ್ತಬೇಕು ಅಂತ ಗೊತ್ತಿರಲಿಲ್ವಾ ಅಪ್ಪಾ?”

“ನಂಗೊತ್ತು ಮಗಳೇ. ಕಾಲಿಗೆ ಗೊತ್ತಿಲ್ಲ.”

ಅಫೀಫಿ ಬೇ ಆಗಲೇ ಹದಿನಾಲ್ಕನೇ ನಿಯಮದ ಪುಟ ಹುಡುಕುತ್ತಿದ್ದರು. ಫಲಕ ಹಿಡಿದವರು ಅದನ್ನು ಕೆಳಗಿಟ್ಟರು.

“ಮೆಟ್ಟಿಲಿಂದು ಏನ್ ತಪ್ಪು?” ಎಂದಳು ಉಮ್ಮ್ ಶಲಬಿ. “ಬೆಳಿಗ್ಗೆಯಿಂದ ನಾವ್ಯಾರಾದ್ರೂ ಬಿದ್ವಾ?”

ಇದು ನ್ಯಾಯವೆನಿಸಿತು. ಅಫೀಫಿ ಬೇ ಮೆಟ್ಟಿಲನ್ನು ಅಳೆದರು, ಬಳಿಕ ವಹ್ದಾನರನ್ನು ಅಳೆದರು, ವರದಿ ಬರೆದರು: ಮೆಟ್ಟಿಲು ಸರಿಯಾಗಿದೆ, ಇಂಜಿನಿಯರ್ ನಾಲ್ಕು ಬೆರಳು ಗಿಡ್ಡ. ವಹ್ದಾನ್ ಎರಡು ಸಲ ಓದಿ, ಅಲ್ಹಮ್ದುಲಿಲ್ಲಾಹ್ ಎಂದು ಸಂತೋಷದಿಂದ ಸಹಿ ಹಾಕಿದರು. ಫಲಕ ಏರಿತು.

ಇದನ್ನು ನೀವೂ ಇನ್ನೊಬ್ಬರಿಗೆ ಹೇಳಿ. ಅವರು ನಮ್ಮ ಸೇತುವೆ ಹತ್ತುತ್ತಿದ್ದರೆ, ದಯವಿಟ್ಟು ಆರನೇ ಮೆಟ್ಟಿಲು ದಾಟುವುದರೊಳಗೆ ಹೇಳಿ ಮುಗಿಸಿ.